ಬೋರಮ್ಮನ ಕೈಗೊಂದು ಸರ್ಟಿಫಿಕೇಟು

ಕಾಮಾಕ್ಷಿಪಾಳ್ಯದ ಬೋರಮ್ಮ ಅರವತ್ತು ದಾಟಿದ ಮೇಲೆ, ಗಂಡ ತೀರಿಕೊಂಡ ನಾಲ್ಕನೇ ವರ್ಷದಲ್ಲಿ, ಎರಡೂ ಕೈಗೆ ಮೊಣಕೈವರೆಗೆ ಗೋರಂಟಿ ಹಚ್ಚಿಕೊಂಡು ಡಾಕ್ಟರ ಮುಂದೆ ಹೋಗಿ ಕೂತಳು. ಬೀದಿಯವರು ನೋಡಿದರು, ನೋಡಿದವರು ಸುಮ್ಮನಿರಲಿಲ್ಲ. ಈ ವಯಸ್ಸಿನಲ್ಲಿ ಇವಳಿಗೇನು ಬಂತು ಎಂದು ಎದುರುಮನೆಯವಳು ಸೊಸೆಗೆ ಹೇಳಿದ್ದು ಬೋರಮ್ಮನಿಗೇ ಕೇಳಿಸಿತು. ಕೇಳಿಸದವಳ ಹಾಗೆ ಬಸ್ಸು ಹತ್ತಿದಳು. ಜನ ಆಡಿಕೊಳ್ಳುವುದು ಅವಳಿಗೇನು ಹೊಸದಲ್ಲ.

ಬಸವೇಶ್ವರನಗರದ ಕ್ಲಿನಿಕ್ಕಿನ ಬಾಗಿಲಲ್ಲಿ ಮಗಳು ಲತಾ ಕಾಯುತ್ತಿದ್ದಳು. ಬೆಳಗ್ಗೆಯೇ ಮನೆ ಬಿಟ್ಟು, ತನ್ನ ಹೊಸ ಊಟದ ಗಾಡಿಗೆ ಸ್ಟೀಲ್ ಹೊದಿಸುತ್ತಿದ್ದ ಶೆಡ್ಡಿಗೆ ಹೋಗಿ, ಅಲ್ಲಿಂದ ನೇರವಾಗಿ ಬಂದಿದ್ದಳು. ಅಮ್ಮನ ಕೈ ನೋಡಿ, ಏನಮ್ಮ ಇದು ಎಂದು ಕೇಳುವಷ್ಟರಲ್ಲಿ ಒಳಗಿಂದ ಕರೆ ಬಂತು.

ಊಟದ ಗಾಡಿ ಇಡಬೇಕಾದರೆ ಅಡುಗೆ ಮುಟ್ಟುವ ಪ್ರತಿಯೊಬ್ಬರಿಗೂ ವೈದ್ಯರ ಸರ್ಟಿಫಿಕೇಟು ಬೇಕು. ಡಾಕ್ಟರ್ ರಾಗಿಣಿ ಲತಾಳ ಕಣ್ಣು, ಉಗುರು, ಎದೆ ಎಲ್ಲ ನೋಡಿ, ರಕ್ತಪರೀಕ್ಷೆಗೆ ಬರೆದು, ಟೈಫಾಯಿಡ್ ಲಸಿಕೆಯ ಮಾತಾಡಿದರು. ಬೋರಮ್ಮನ ಸರದಿ ಬಂದಾಗ ಆ ಕೆಂಪು ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟುಬಿಟ್ಟರು.

"ಅಮ್ಮ, ಊಟ ಬಡಿಸೋರ ಕೈ ಚರ್ಮ ನಾನು ನೋಡಲೇಬೇಕು. ಈ ಬಣ್ಣದಲ್ಲಿ ನಂಗೇನು ಕಾಣ್ಸುತ್ತೆ ಹೇಳಿ? ಬಣ್ಣ ಹೋದ್ಮೇಲೆ ಬನ್ನಿ, ಸೈನ್ ಹಾಕ್ತೀನಿ," ಎಂದರು.

ಬಣ್ಣ ಹೋಗುವುದಕ್ಕೆ ಎರಡು ವಾರವಾದರೂ ಬೇಕು. ಆಷಾಢಕ್ಕೆ ಅಷ್ಟು ದಿನವೂ ಉಳಿದಿರಲಿಲ್ಲ. ಆಷಾಢದಲ್ಲಿ ಹೊಸ ಕೆಲಸ ಶುರು ಮಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಲತಾಳಿಗೂ ಇರಲಿಲ್ಲ. ಸರ್ಟಿಫಿಕೇಟು ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ತಾಯಿ ಮಗಳು ಕ್ಲಿನಿಕ್ಕಿನಿಂದ ಹೊರಬಂದು ಬಸ್ ಸ್ಟಾಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

ಬೋರಮ್ಮ ಹುಚ್ಚಿಯಲ್ಲ. ಅವಳ ಕೈಗೆ ತೊನ್ನು ಇತ್ತು. ಆ ಗೋರಂಟಿಯ ಕಥೆ ಹೇಳಬೇಕಾದರೆ ಅಲ್ಲಿಂದಲೇ ಹೇಳಬೇಕು.

ಮದುವೆಯಾಗಿ ಉಲ್ಲಾಳಿನಿಂದ ಕಾಮಾಕ್ಷಿಪಾಳ್ಯಕ್ಕೆ ಬಂದಾಗ ಬೋರಮ್ಮನ ಕೈ ಎಲ್ಲರ ಕೈಯ ಹಾಗೇ ಇತ್ತು. ಅತ್ತೆ ಎಂಬುವಳನ್ನು ಅವಳು ಕಂಡೇ ಇರಲಿಲ್ಲ, ಆಕೆ ಮೊದಲೇ ತೀರಿಕೊಂಡಿದ್ದಳು. ಗಂಡ ಚಿಕ್ಕಣ್ಣ ಮಾಗಡಿ ರಸ್ತೆಯಲ್ಲಿ ತಳ್ಳೋಗಾಡಿ ಇಟ್ಟಿದ್ದ. ಮುದ್ದೆ, ಬಸ್ಸಾರು, ಒಂದೊಂದು ದಿನ ಹುರುಳಿಕಾಳಿನ ಸಾರು. ಅವನು ಸಾರು ಬಡಿಸಿದರೆ ಅವಳು ಪಕ್ಕದಲ್ಲೇ ನಿಂತು ಮುದ್ದೆ ಕಟ್ಟುತ್ತಿದ್ದಳು. ಮಗ್ಗದವರು, ಲಾರಿಯವರು, ವರ್ಕ್‌ಶಾಪಿನ ಹುಡುಗರು ಸುತ್ತ ನಿಂತು ತಿನ್ನುತ್ತಿದ್ದರು. ಬಡಿಸಿದ ತಕ್ಷಣ ಬೋರಮ್ಮ ಒಂದು ಮಾತು ಕೇಳಬೇಕು, "ಉಪ್ಪು ಸರಿ ಐತಾ ಅಣ್ಣ?" ಸರಿ ಇದ್ದರೂ ಕೇಳಬೇಕು. ಉತ್ತರ ಬರುವವರೆಗೆ ಸೌಟು ಹಿಡಿದು ತಿನ್ನುವವನ ಮುಖ ನೋಡುತ್ತಾ ನಿಲ್ಲುವಳು. ಆ ದಿನಗಳನ್ನು ನೆನೆದರೆ ಈಗಲೂ ಅವಳ ಮುಖ ಅರಳುತ್ತದೆ. ಸೀಮೆಎಣ್ಣೆ ಸ್ಟೌವಿನ ವಾಸನೆ, ಬಸ್ಸುಗಳ ಧೂಳು, ಬೆಂದ ರಾಗಿಯ ಹಬೆ, ಪಕ್ಕದಲ್ಲಿ ಬಾಯಿಬಡುಕ ಚಿಕ್ಕಣ್ಣ. ಅದಕ್ಕಿಂತ ಹೆಚ್ಚಿನದೇನನ್ನೂ ಅವಳು ಬೇಡಿದವಳಲ್ಲ.

ಲತಾ ಹುಟ್ಟಿದ ಮೇಲೆ ಬೆರಳ ತುದಿಯಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡಿತು. ಸುಣ್ಣ ತಾಗಿರಬೇಕು ಎಂದುಕೊಂಡಳು. ಮಚ್ಚೆ ಬೆರಳು ದಾಟಿತು, ಅಂಗೈ ಹಿಂಬದಿಗೆ ಬಂತು. ಒಂದು ಮಧ್ಯಾಹ್ನ ಗಿರಾಕಿಯೊಬ್ಬ ತಟ್ಟೆ ಹಿಡಿದವನು ಅವಳ ಕೈ ನೋಡಿದ, ತುತ್ತು ಬಾಯಿಗಿಡಲಿಲ್ಲ, ತಟ್ಟೆಯನ್ನು ಗಾಡಿಯ ಅಂಚಿಗಿಟ್ಟು ಹೊರಟುಹೋದ. ಮಾರನೇ ದಿನ ಅರ್ಧ ಜನ ಬರಲಿಲ್ಲ. ಆ ವಾರ ಕಳೆಯುವುದರೊಳಗೆ ಮುದ್ದೆ ಉಳಿದು ಎಮ್ಮೆಗೆ ಹೋಯಿತು.

ಒಂದು ಮಾತು ಹೇಳಿಬಿಡಬೇಕು. ಆ ಗಾಡಿಯಲ್ಲಿ ತಟ್ಟೆ ತೊಳೆಯಲು ಇದ್ದದ್ದು ಒಂದೇ ಬಕೆಟ್ ನೀರು. ಬೆಳಗ್ಗೆ ತುಂಬಿದ್ದು ಮಧ್ಯಾಹ್ನದವರೆಗೆ. ನೂರು ಜನರ ಎಂಜಲು ಅದರಲ್ಲೇ ಮುಳುಗಿ ಏಳುತ್ತಿತ್ತು, ನೀರು ಸಾರಿನ ಬಣ್ಣಕ್ಕೆ ತಿರುಗುತ್ತಿತ್ತು. ನೊಣ ಹೊಡೆಯಲು ಒಂದು ಹರಕು ಟವೆಲ್ಲು. ಅದಕ್ಕೆ ಯಾರೂ ಮೂಗು ಮುರಿಯಲಿಲ್ಲ. ಬೋರಮ್ಮನ ಬೆರಳಿಗೆ ಮುರಿದರು.

ಚಿಕ್ಕಣ್ಣ ಜಗಳವಾಡುವವನಲ್ಲ. ಗಾಡಿಯನ್ನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ತಳ್ಳಿಕೊಂಡು ಹೋಗಿ, ಗುರುತು ಪರಿಚಯವಿಲ್ಲದ ಒಂದು ಫ್ಯಾಕ್ಟರಿ ಗೇಟಿನ ಮುಂದೆ ನಿಲ್ಲಿಸಿದ. ಅಂದಿನಿಂದ ಬೋರಮ್ಮ ಮನೆಯಲ್ಲೇ ಕಟ್ಟಿದ ಮುದ್ದೆ ಬುಟ್ಟಿಯಲ್ಲಿ, ಬಟ್ಟೆ ಸುತ್ತಿಕೊಂಡು ಹೋಗತೊಡಗಿತು. ಅಡುಗೆ ಯಾರದ್ದು ಎಂದು ಯಾರಾದರೂ ಕೇಳಿದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು, ನಮ್ಮಮ್ಮಂದು. ಸತ್ತ ತಾಯಿಯನ್ನು ಬದುಕಿಸಿ ಅಡುಗೆಮನೆಯಲ್ಲಿ ಕೂರಿಸಿದ. ಬದುಕಿದ್ದ ಹೆಂಡತಿ ಆ ಗೇಟಿನ ಹತ್ತಿರ ಸುಳಿಯಲಿಲ್ಲ.

ಒಂದೇ ಒಂದು ಸಲ ಹೋಗಿದ್ದಳು. ಗಂಡನಿಗೆ ಹೇಳದೆ, ರಸ್ತೆಯಾಚೆ ಒಂದು ಲಾರಿಯ ಮರೆಯಲ್ಲಿ ನಿಂತು ನೋಡಿದಳು. ಮಧ್ಯಾಹ್ನದ ಸೈರನ್ ಕೂಗಿತು. ನೀಲಿ ಅಂಗಿಯ ಗಂಡಸರು ಗೇಟಿನಿಂದ ನುಗ್ಗಿ ಬಂದು ಗಾಡಿಯನ್ನು ಮುತ್ತಿದರು. ತನ್ನ ಮುದ್ದೆಯನ್ನು ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಕತ್ತು ಮುಂದೆ ಮಾಡಿ ನುಂಗುತ್ತಿದ್ದರು. ಉಪ್ಪು ಸರಿ ಇದೆಯಾ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಗೆ ಬಂದಳು. ಸಾಯಂಕಾಲ ಗಂಡ ಬಂದಾಗ ಉಪ್ಪು ಖಾರ ಹೆಂಗಿತ್ತಂತೆ ಎಂದು ಕೇಳಿದಳು. ಬುಟ್ಟಿ ಖಾಲಿ ಆಗೈತೆ, ಇನ್ನೇನು ಕೇಳ್ತೀಯ ಎಂದ. ಅವನ ಉತ್ತರ ಯಾವಾಗಲೂ ಅದೇ. ಬುಟ್ಟಿ ಖಾಲಿಯಾದರೆ ಅವನಿಗೆ ಸಾಕಿತ್ತು, ಅವಳಿಗೆ ಸಾಲುತ್ತಿರಲಿಲ್ಲ.

ಹಾಗೆಂದು ಚಿಕ್ಕಣ್ಣನನ್ನು ಕಟುಕ ಎಂದುಕೊಳ್ಳಬೇಡಿ. ನೆಂಟರಲ್ಲಿ ಮದುವೆ, ನಾಮಕರಣ ಎಂದು ಕರೆ ಬಂದರೆ ಹಿಂದಿನ ದಿನವೇ ಸೈಕಲ್ ಹತ್ತಿ, ಜ್ಞಾನಭಾರತಿಯ ಮರಗಳ ನಡುವಿನ ದಾರಿಯಲ್ಲಿ ಉಲ್ಲಾಳಿಗೆ ಹೋಗುತ್ತಿದ್ದ. ಮಾವನ ಹೊಲದ ಬೇಲಿಯಲ್ಲಿ ಗೋರಂಟಿ ಗಿಡ ಸಾಲಾಗಿ ಬೆಳೆದಿತ್ತು. ಒಂದು ಚೀಲ ಎಲೆ ಕಿತ್ತು ತಂದು, ಹುಣಸೆಹಣ್ಣು ಹಾಕಿ, ಒರಳಲ್ಲಿ ತಾನೇ ರುಬ್ಬಿ, ಹೆಂಡತಿಯ ಕೈಗೆ ಮೊಣಕೈವರೆಗೆ ಮೆತ್ತುತ್ತಿದ್ದ. ಚಿತ್ತಾರವೆಲ್ಲ ಅವನಿಗೆ ಬರುತ್ತಿರಲಿಲ್ಲ, ಗೋಡೆಗೆ ಸಗಣಿ ಸಾರಿಸಿದ ಹಾಗೆ ಬಳಿಯುತ್ತಿದ್ದ. ಮಾರನೇ ದಿನ ಬಿಳುಪೆಲ್ಲ ಕೆಂಪಾಗಿ, ಬೋರಮ್ಮ ಎಲ್ಲರ ಹಾಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಲ್ಲುತ್ತಿದ್ದಳು. ಅವನ ಅಂಗೈ ಮಾತ್ರ ವಾರಗಟ್ಟಲೆ ಕೆಂಪಗಿರುತ್ತಿತ್ತು. ಫ್ಯಾಕ್ಟರಿಯವರು ಏನಪ್ಪ ಮದುಮಗ ಎಂದು ರೇಗಿಸಿದರೆ ನಕ್ಕು ಸಾರು ಹಾಕುತ್ತಿದ್ದನಂತೆ. ಅವನನ್ನು ನೆನೆದಾಗಲೆಲ್ಲ ಬೋರಮ್ಮನಿಗೆ ಒಂದೇ ಉಸಿರಿನಲ್ಲಿ ಕಣ್ಣೂ ತುಂಬುತ್ತದೆ, ಸಿಟ್ಟೂ ಬರುತ್ತದೆ.

ಇನ್ನೊಂದು ನೆನಪು ಸೀರೆಯದು. ಆ ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಲಕ್ಷ್ಮೀಪತಿ ಎಂಬ ಟರ್ನರ್ ಇದ್ದ, ದಿನವೂ ಇವರ ಮುದ್ದೆಯನ್ನೇ ತಿನ್ನುವವ. ಮನೆಯಲ್ಲಿ ಹೆಂಡತಿ ತಿಂಗಳುಗಟ್ಟಲೆ ಕಾಯಿಲೆ ಮಲಗಿದ್ದಾಗ ಈ ಗಾಡಿಯ ಊಟವೇ ಅವನನ್ನು ಉಳಿಸಿತಂತೆ. ಆ ವರ್ಷದ ಯುಗಾದಿಗೆ ನಿಮ್ಮ ತಾಯಿಗೆ ಕೊಡು ಎಂದು ಚಿಕ್ಕಣ್ಣನ ಕೈಗೆ ಒಂದು ಸೀರೆ ಕೊಟ್ಟ. ಕಾಫಿ ಬಣ್ಣ, ಸಣ್ಣ ಅಂಚು, ಮುದುಕಿಯರು ಉಡುವಂಥದ್ದು. ಆಗ ಬೋರಮ್ಮನಿಗೆ ಮೂವತ್ತೈದು ಇರಬಹುದು. ಸೀರೆ ಬಿಚ್ಚಿ ನೋಡಿ ನಕ್ಕಳು, ನಗುತ್ತಲೇ ಅಳು ಬಂತು. ಆಮೇಲೆ ಮಡಿಸಿ ಟ್ರಂಕಿನಲ್ಲಿಟ್ಟಳು. ಊರವರು ತನ್ನ ಅಡುಗೆಗೆ ಕೊಟ್ಟ ಮರ್ಯಾದೆ ಅದೊಂದೇ ಆಗಿತ್ತು, ಅದೂ ಬೇರೆಯವರ ಹೆಸರಿಗೆ ಬಂದಿತ್ತು.

ಕಾಲ ಕಳೆಯಿತು. ಫ್ಯಾಕ್ಟರಿ ಮುಚ್ಚಿತು, ಸೈರನ್ ನಿಂತಿತು, ಆ ಜಾಗದಲ್ಲಿ ಗಾಜಿನ ಗೋಡೆಯ ಕಟ್ಟಡ ಎದ್ದಿತು. ಚಿಕ್ಕಣ್ಣ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಮಂಡಿ ಹಿಡಿದುಕೊಂಡು ಕೂತ. ಗಾಡಿಯ ಚಕ್ರ ಮೊದಲು ಹೋಯಿತು, ಆಮೇಲೆ ಅವನು ಹೋದ.

ಲತಾ ಮಾಗಡಿ ರಸ್ತೆಯ ಗಾರ್ಮೆಂಟ್ಸಿನಲ್ಲಿ ಇಷ್ಟು ವರ್ಷ ದುಡಿದಿದ್ದಳು. ಹೋದ ವರ್ಷ ಕಂಪನಿ ಊರಾಚೆಗೆ ಹೋಯಿತು, ಅವಳು ಹೋಗಲಿಲ್ಲ. ಪಿ.ಎಫ್. ದುಡ್ಡಿನಲ್ಲಿ ಒಂದು ಹಳೇ ಗೂಡ್ಸ್ ಗಾಡಿ ತೆಗೆದುಕೊಂಡು, ಮುದ್ದೆ ಗಾಡಿ ಮಾಡ್ತೀನಿ, ಅಪ್ಪನ ಹೆಸರೇ ಇಡ್ತೀನಿ ಎಂದಳು. ಬೋರಮ್ಮ ಆಗಲಿ ಎಂದಳು. ತಾನು ಮನೆಯಲ್ಲಿ ಮಾಡಿಕೊಡುವುದು, ಮಗಳು ಬಡಿಸುವುದು, ಎಂದಿನಂತೆ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಅದೇ.

ಕಾಯಿದೆ ಬಿಡಬೇಕಲ್ಲ. ಗಾಡಿಗೆ ನೋಂದಣಿ ಬೇಕು. ಮನೆಯಲ್ಲಿ ಅಡುಗೆ ಮಾಡಿ ತರುವುದಾದರೆ ಆ ಅಡುಗೆಮನೆಯದೂ ಲೆಕ್ಕಕ್ಕೆ ಬರುತ್ತದೆ. ಒಲೆ ಇರುವ ಮೂಲೆಯಲ್ಲೇ ಬಚ್ಚಲು ಇರುವ ಆ ಶೀಟಿನ ಮನೆಯನ್ನು ಯಾರು ಒಪ್ಪುತ್ತಾರೆ? ಹಾಗಾಗಿ ಅಡುಗೆಯೂ ಗಾಡಿಯಲ್ಲೇ ಎಂದಾಯಿತು. ಮುಚ್ಚಳವಿರುವ ನೀರಿನ ಟ್ಯಾಂಕು, ಆ ನೀರಿನ ಪರೀಕ್ಷೆ, ಕೈ ತೊಳೆಯಲು ನಲ್ಲಿ, ಕಾಲಲ್ಲಿ ಒತ್ತಿ ತೆರೆಯುವ ಕಸದ ಡಬ್ಬ, ತಲೆಗೆ ಟೋಪಿ, ಎದೆಗೆ ಏಪ್ರನ್. ಒಂದು ಮುದ್ದೆ ಮಾರೋಕೆ ಇಷ್ಟೆಲ್ಲ ಬೇಕಾ ಎಂದು ಲತಾ ಬೈದುಕೊಂಡೇ ಓಡಾಡಿದಳು. ಬೋರಮ್ಮ ಬೈಯಲಿಲ್ಲ. ಸಾರಿನ ಬಣ್ಣದ ಆ ಬಕೆಟ್ ನೀರು ಅವಳಿಗೆ ಚೆನ್ನಾಗಿ ನೆನಪಿತ್ತು.

ಅವಳು ಹೆದರಿದ್ದು ವಿಜಯನಗರದ ತರಬೇತಿಯಲ್ಲಿ. ಗಾಡಿ ಇಡುವವರನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ, ಮಧುಕುಮಾರ್ ಎಂಬ ಹುಡುಗ ಸ್ವಚ್ಛತೆಯ ಪಾಠ ಹೇಳಿದ. ಒಳ್ಳೆಯ ಹುಡುಗ, ತಾಳ್ಮೆಯಿಂದ ಹೇಳಿದ. ಉಗುರು ಕತ್ತರಿಸಿ, ಉಂಗುರ ಬಿಚ್ಚಿಡಿ, ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ ಎಂದ. ಬಿಸಿ ಮುದ್ದೆ ಕಟ್ಟೋಕೂ ಪ್ಲಾಸ್ಟಿಕ್ ಗ್ಲೌಸ್ ಹಾಕಬೇಕಾ ಎಂದು ಲತಾ ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, ಅದು ಹರಿದು ಊಟಕ್ಕೆ ಸೇರಿದರೆ ಇನ್ನೂ ಕೆಟ್ಟದ್ದು, ಚೆನ್ನಾಗಿ ತೊಳೆದ ಕೈಯೇ ವಾಸಿ ಎಂದ. ಕೊನೆಗೆ, ಜ್ವರ, ಗಾಯ, ಚರ್ಮರೋಗ ಇರೋರು ಆಹಾರ ಮುಟ್ಟೋ ಹಾಗಿಲ್ಲ, ಅದನ್ನೆಲ್ಲ ಡಾಕ್ಟ್ರು ನೋಡಿ ಬರೀತಾರೆ ಎಂದ. ಬೋರಮ್ಮ ಸೆರಗಿನೊಳಗೆ ಕೈ ಎಳೆದುಕೊಂಡಳು. ತೊನ್ನಿಗೆ ಜನ ಇಟ್ಟ ಹೆಸರು ಚರ್ಮರೋಗ ಎಂದೇ ಅಲ್ಲವೇ? ಎದ್ದು ಒಂದು ಮಾತು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಇಷ್ಟು ವರ್ಷ ಕೈ ಮುಚ್ಚಿಕೊಂಡು ಬದುಕಿದವಳು ತುಂಬಿದ ಹಾಲಿನಲ್ಲಿ ಎದ್ದು ಕೇಳುವುದುಂಟೇ?

ಅಲ್ಲಿಂದ ಅವಳಿಗೆ ಒಂದೇ ಭಯ. ಡಾಕ್ಟರು ಕೈ ನೋಡಿ ಆಗದು ಎಂದು ಬರೆದುಬಿಟ್ಟರೆ? ಮಗಳ ಗಾಡಿ ತನ್ನಿಂದ ನಿಂತುಹೋದರೆ? ಒಂದು ಗಾಡಿ ತನ್ನ ಕೈಯಿಂದ ಜಾಗ ಬಿಟ್ಟಿತ್ತು. ಎರಡನೆಯದೂ ಹಾಗೆ ಆಗುವುದನ್ನು ನೋಡಲು ಅವಳಿಂದಾಗದು. ಆಗ ಚಿಕ್ಕಣ್ಣನ ಉಪಾಯ ನೆನಪಾಯಿತು.

ಉಲ್ಲಾಳಿನ ಬಸ್ಸು ಹತ್ತಿದಳು. ಅಪ್ಪನ ರಾಗಿ ಹೊಲ ಈಗ ನಾಲ್ಕು ಅಡ್ಡರಸ್ತೆ, ನಲವತ್ತು ಮನೆ. ರಾಗಿ ತೆನೆ ಹಾಲುಗಟ್ಟುವಾಗ ಗುಬ್ಬಿ ಓಡಿಸಲು ತಾನು ಕೂಗುತ್ತಾ ನಿಲ್ಲುತ್ತಿದ್ದ ಜಾಗದಲ್ಲಿ ಯಾರದೋ ಕಾರು ನಿಂತಿತ್ತು. ಬೇಲಿಯ ಸಾಲಿನಲ್ಲಿ ಉಳಿದಿದ್ದದ್ದು ಒಂದೇ ಗೋರಂಟಿ ಗಿಡ, ದೊಡ್ಡಪ್ಪನ ಮಗ ಕಟ್ಟಿಸಿದ ಬಾಡಿಗೆ ಮನೆಯ ಕಾಂಪೌಂಡಿನ ಮೂಲೆಯಲ್ಲಿ, ನೀರಿನ ಮೋಟರಿನ ಪಕ್ಕ. ಎಲೆ ಕೀಳುತ್ತಾ ಅವಳಿಗೆ ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ನೇತುಹಾಕಿಕೊಂಡು ಬರುತ್ತಿದ್ದ ಗಂಡನೇ ಕಣ್ಣಿಗೆ ಕಟ್ಟಿದ. ಮನೆಗೆ ತಂದು ತಾನೇ ರುಬ್ಬಿ, ಲತಾ ಮಲಗಿದ ಮೇಲೆ ತಾನೇ ಬಳಿದುಕೊಂಡಳು. ಎಡಗೈಗೆ ಬಲಗೈ ಸರಿಯಾಗಿ ಬಳಿಯಿತು, ಬಲಗೈಗೆ ಎಡಗೈ ನೆಟ್ಟಗೆ ಬಳಿಯಲಿಲ್ಲ. ಬಳಿಯುವವನು ಇರಲಿಲ್ಲ ಎಂದು ಅತ್ತಳು.

ಅದರ ಫಲವೇ ಡಾಕ್ಟರ್ ರಾಗಿಣಿಯ ಮುಂದೆ ಆದದ್ದು.

ಕ್ಲಿನಿಕ್ಕಿನಿಂದ ಬಂದ ಮಾರನೇ ಬೆಳಗ್ಗೆ ಲತಾ ಹಿತ್ತಲಿಗೆ ಬಂದು ನೋಡುತ್ತಾಳೆ, ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ಪಾತ್ರೆ ಉಜ್ಜುವ ನಾರಿನಿಂದ ಕೈ ಉಜ್ಜಿಕೊಳ್ಳುತ್ತಿದ್ದಾಳೆ. ನಿಂಬೆಹಣ್ಣಿನ ಹೋಳು, ಹುಣಸೆಹಣ್ಣು, ಸೀಗೆಪುಡಿ ಎಲ್ಲ ಪಕ್ಕದಲ್ಲಿ. ಮುಂಗೈ ಚರ್ಮ ಕಿತ್ತು ಬರುವ ಹಾಗಾಗಿತ್ತು. ಲತಾ ನಾರು ಕಿತ್ತುಕೊಂಡು ಬಿಸಾಕಿದಳು.

"ಗಾಯ ಮಾಡ್ಕೊಂಡ್ರೆ ಆಮೇಲೆ ನಿಜವಾಗ್ಲೂ ಸೈನ್ ಹಾಕಲ್ಲ ಅವ್ರು. ಯಾಕಮ್ಮ ಹಿಂಗ್ ಮಾಡ್ದೆ?"

"ನನ್ ಕೈ ನೋಡುದ್ರೆ ನಿನ್ ಗಾಡಿ ನಿಂತೋಯ್ತದೆ ಅಂತ."

"ಅಮ್ಮ, ಆ ಗಾಡಿ ನಾನು ಮಾಡ್ಸಿದ್ದೇ ನಿನ್ನ ಕೈ ನಂಬ್ಕೊಂಡು. ನಂಗೆ ಒಂದು ಮುದ್ದೆ ನೆಟ್ಟಗೆ ಕಟ್ಟೋಕೆ ಬರಲ್ಲ ಕಣೇ."

ಲತಾ ಅಳುವವಳಲ್ಲ, ಅಂದು ಅತ್ತಳು. ತಾಯಿಯ ಕೈ ಹಿಡಿದು ಕೊಬ್ಬರಿ ಎಣ್ಣೆ ಹಚ್ಚಿದಳು. ಬೋರಮ್ಮ ಅಷ್ಟು ವರ್ಷ ಬಾಯಿ ಬಿಟ್ಟು ಹೇಳದ ಮಾತನ್ನು ಆಗ ಹೇಳಿದಳು. ಮಾಗಡಿ ರಸ್ತೆಯ ಗಿರಾಕಿ, ಲಾರಿಯ ಮರೆಯಲ್ಲಿ ನಿಂತು ನೋಡಿದ್ದು, ಉಪ್ಪು ಸರಿ ಇದೆಯಾ ಎಂದು ಕೇಳುವ ಆಸೆ, ಎಲ್ಲ ಹೇಳಿದಳು. ಅಮ್ಮನಿಗೆ ಮನೆಯಲ್ಲಿರುವುದೇ ಇಷ್ಟ ಎಂದು ಮಗಳು ಇಷ್ಟು ದಿನ ನಂಬಿದ್ದಳು. ಹಾಗೆ ನಂಬುವುದು ಎಲ್ಲರಿಗೂ ಸಲೀಸಾಗಿತ್ತು.

ಎಣ್ಣೆ, ನಿಂಬೆರಸ, ಬಿಸಿನೀರು ಎಂದು ಮೆಲ್ಲಗೆ ತೊಳೆದೂ ತೊಳೆದೂ ಬಣ್ಣ ತೆಳುವಾಯಿತು. ಆಷಾಢ ಹುಟ್ಟುವುದಕ್ಕೆ ಇನ್ನು ಕೆಲವೇ ದಿನ ಎನ್ನುವಾಗ ಇಬ್ಬರೂ ಮತ್ತೆ ಕ್ಲಿನಿಕ್ಕಿಗೆ ಹೋದರು. ಗೋರಂಟಿ ಮಾಸಿದ ಕಡೆಯೆಲ್ಲ ತೊನ್ನು ಎದ್ದು ಕಾಣುತ್ತಿತ್ತು. ಬೋರಮ್ಮ ಕೈಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು.

ಡಾಕ್ಟರ್ ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು ಹತ್ತಿಯ ಎಳೆಯೊಂದನ್ನು ತೆಗೆದುಕೊಂಡು ಬಿಳಿ ಮಚ್ಚೆಗಳ ಮೇಲೆ ಒಂದೊಂದಾಗಿ ಸೋಕಿಸಿದರು. ಗೊತ್ತಾದರೆ ಹೇಳಿ ಎಂದರು. ಸೋಕಿದಾಗಲೆಲ್ಲ ಬೋರಮ್ಮ ಹೂಂ ಎಂದಳು. ಆಮೇಲೆ ಡಾಕ್ಟರ್ ಹತ್ತಿ ಬಿಟ್ಟು ತಮ್ಮ ಬೆರಳಿನಿಂದಲೇ ಮುಟ್ಟಿ, ಬೆರಳ ಸಂದುಗಳನ್ನು ಬಿಡಿಸಿ ನೋಡಿದರು. ಮನೆಯವರಲ್ಲದೆ ಬೇರೆಯವರು ಆ ಬಿಳುಪು ಕಂಡೂ ಕೈ ಹಿಡಿದು ಎಷ್ಟು ಕಾಲವಾಗಿತ್ತೋ. ಬೋರಮ್ಮ ಕಣ್ಣು ಬಿಟ್ಟು ಆ ಬೆರಳುಗಳನ್ನೇ ನೋಡಿದಳು.

"ಇದಕ್ಕಾ ಗೋರಂಟಿ ಹಚ್ಕೊಂಡು ಬಂದಿದ್ದು? ಚರ್ಮದ ಬಣ್ಣ ಹೋಗಿದೆ ಅಷ್ಟೇ ಅಮ್ಮ. ಇದು ಅಂಟಲ್ಲ. ನೀವು ಮಾಡಿದ ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ."

ಈ ಮಾತು ಬೋರಮ್ಮನಿಗೆ ಪೂರ್ತಿ ಹೊಸದಲ್ಲ. ಲತಾ ಚಿಕ್ಕವಳಿದ್ದಾಗ ಒಬ್ಬ ಡಾಕ್ಟರು ಹೀಗೇ ಹೇಳಿದ್ದರು. ಕೋಣೆಯೊಳಗೆ ಹೇಳಿದ ಮಾತು ಕೋಣೆಯೊಳಗೇ ಉಳಿದಿತ್ತು. ಹೊರಗೆ ಬಂದರೆ ಅದೇ ಬೀದಿ, ಅದೇ ಕಣ್ಣುಗಳು.

"ಅದುನ್ನ ಬರ್ದು ಕೊಡ್ತೀರಾ ತಾಯಿ?" ಎಂದಳು ಬೋರಮ್ಮ.

"ಅದಕ್ಕೇ ತಾನೇ ಸರ್ಟಿಫಿಕೇಟು," ಎಂದು ಡಾಕ್ಟರ್ ರಾಗಿಣಿ ಪೆನ್ನು ತೆಗೆದರು. ಬೋರಮ್ಮ ಆರೋಗ್ಯವಾಗಿದ್ದಾಳೆ, ಅಂಟುರೋಗವಿಲ್ಲ, ಆಹಾರ ತಯಾರಿಸಿ ಬಡಿಸಲು ಯೋಗ್ಯಳು ಎಂದು ಬರೆದು ಸಹಿ ಹಾಕಿ ಸೀಲು ಒತ್ತಿದರು. ಜನ ಕಾಯಿದೆಗಳನ್ನು ಬೈಯುವುದನ್ನು ನಾವೆಲ್ಲ ಕೇಳಿದ್ದೇವೆ, ಬೈದೂ ಇದ್ದೇವೆ. ಆ ದಿನ ಬೋರಮ್ಮನ ಎದುರು ಯಾರಾದರೂ ಬೈದಿದ್ದರೆ ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಆ ಕಾಗದವನ್ನು ಮಗಳ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಆಷಾಢಕ್ಕೆ ಮುಂಚಿನ ಕೊನೆಯ ಶುಕ್ರವಾರ ಗಾಡಿ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಅಡ್ಡರಸ್ತೆಯಲ್ಲಿ ನಿಂತಿತು. ಹಳೇ ಫ್ಯಾಕ್ಟರಿಯ ಗೇಟು ಇದ್ದದ್ದು ಅಲ್ಲೇ ಆಸುಪಾಸಿನಲ್ಲಿ. ನೆತ್ತಿಯ ಮೇಲೆ ಚಿಕ್ಕಣ್ಣನ ಮುದ್ದೆ ಗಾಡಿ ಎಂದು ದೊಡ್ಡದಾಗಿ ಬರೆಸಿತ್ತು. ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕೆಂಬುದು ನಿಯಮ. ಅದರ ಪಕ್ಕದಲ್ಲೇ ಬೋರಮ್ಮ ತನ್ನ ಸರ್ಟಿಫಿಕೇಟನ್ನೂ ಫ್ರೇಮ್ ಹಾಕಿಸಿ ತೂಗುಹಾಕಿದ್ದಳು. ಅದಕ್ಕೆ ನಿಯಮವೇನೂ ಇರಲಿಲ್ಲ.

ಇಷ್ಟಾದರೂ ಅಭ್ಯಾಸ ಬಿಡಬೇಕಲ್ಲ. ಗಾಡಿಯ ಒಂದು ಪಕ್ಕ ಪೂರ್ತಿ ತೆರೆದಿತ್ತು, ಮಾಡುವುದೆಲ್ಲ ತಿನ್ನುವವರಿಗೆ ಕಾಣಲಿ ಎಂದು ಲತಾ ಹಾಗೆ ಮಾಡಿಸಿದ್ದಳು. ಗಿರಾಕಿಗಳನ್ನು ನೋಡಿದ ಕೂಡಲೇ ಬೋರಮ್ಮ ಟೋಪಿ ಸರಿಮಾಡಿಕೊಂಡು, ಪ್ಲಾಸ್ಟಿಕ್ ಗ್ಲೌಸ್ ತೆಗೆದು ಎರಡೂ ಕೈಗೆ ಏರಿಸಿಕೊಂಡಳು. ಅಷ್ಟು ದೊಡ್ಡ ಕಾಗದ ತೂಗುಹಾಕಿದವಳು ಮತ್ತೆ ಕೈ ಮುಚ್ಚಿಕೊಂಡಳು. ಲತಾ ಅದನ್ನು ನೋಡಿ ತಟ್ಟೆ ಜೋಡಿಸತೊಡಗಿದಳು.

ಕತ್ತಿನಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರ ನಡುವೆ ಒಬ್ಬ ವಯಸ್ಸಾದವರು ನಿಂತಿದ್ದರು. ಬೋರ್ಡು ನೋಡಿ ಬಂದೆ, ಚಿಕ್ಕಣ್ಣ ಅಂದ್ರೆ ನಮ್ಮ ಚಿಕ್ಕಣ್ಣನೇನಮ್ಮ ಎಂದು ಲತಾಳನ್ನು ಕೇಳಿದರು. ತಾವು ಲಕ್ಷ್ಮೀಪತಿ, ಇಲ್ಲಿದ್ದ ಫ್ಯಾಕ್ಟರಿಯಲ್ಲೇ ಟರ್ನರ್ ಆಗಿ ರಿಟೈರ್ ಆದದ್ದು ಎಂದರು. ಒಳಗಿದ್ದ ಬೋರಮ್ಮನ ಕೈ ನಿಂತಿತು.

ಗ್ಲೌಸ್ ಹಾಕಿದ ಕೈಯಲ್ಲೇ ಅವರಿಗೆ ಮುದ್ದೆ ಕಟ್ಟಲು ಹೋದಳು. ಬಿಸಿ ಹಿಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತು, ಬಿಡಿಸಲು ಎಳೆದರೆ ಗ್ಲೌಸಿನ ಬೆರಳ ತುದಿ ಹರಿದು ಮುದ್ದೆಯೊಳಗೇ ಹೋಯಿತು. ಆ ಮುದ್ದೆಯನ್ನು ಕಸದ ಡಬ್ಬಕ್ಕೆ ಹಾಕಿದಳು. ಆಮೇಲೆ ಎರಡೂ ಗ್ಲೌಸ್ ಕಿತ್ತು ಹಾಕಿ, ನಲ್ಲಿಯ ಕೆಳಗೆ ಕೈ ಹಿಡಿದು, ಸೋಪು ಹಚ್ಚಿ ಮೊಣಕೈವರೆಗೆ ತೊಳೆದಳು. ಎಲ್ಲರಿಗೂ ಕಂಡಿತು. ಅವಸರ ಮಾಡಲಿಲ್ಲ.

ಆಂಟಿ, ಅವರ ಕೈಗೇನಾಗಿದೆ ಎಂದು ಒಬ್ಬ ಹುಡುಗಿ ಲತಾಳನ್ನು ಮೆಲ್ಲಗೆ ಕೇಳಿದಳು. ಲತಾ ಮುಖ ಕೆಂಪಗೆ ಮಾಡಿಕೊಂಡು ಬಾಯಿ ತೆರೆಯುವುದರೊಳಗೆ ಬೋರಮ್ಮನೇ ತಿರುಗಿದಳು.

"ತೊನ್ನು ಕಣವ್ವ. ಅಂಟಾಕಿಲ್ಲ. ಡಾಕ್ಟ್ರು ಬರ್ಕೊಟ್ಟವ್ರೆ, ಅಲ್ ನೇತಾಕಿದೀನಿ ನೋಡು."

ಹುಡುಗಿ ಓದಿ, ಸರಿ ಆಂಟಿ ಎಂದು ತಟ್ಟೆ ಹಿಡಿದು ನಿಂತಳು. ಅವಳ ಹಿಂದಿದ್ದ ಒಬ್ಬ ಫೋನು ನೋಡುತ್ತಾ ನೋಡುತ್ತಾ ಸಾಲು ಬಿಟ್ಟು ಹೋದ. ಹೋಗಲಿ ಎಂದುಕೊಂಡಳು ಬೋರಮ್ಮ. ಹಾಗೆಂದುಕೊಳ್ಳಲು ಬಂತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಕೈಗೆ ನೀರು ಮುಟ್ಟಿಸಿಕೊಂಡು, ಹಬೆಯಾಡುವ ಹಿಟ್ಟನ್ನು ತಿರುಗಿಸಿ ತಿರುಗಿಸಿ ಮುದ್ದೆ ಕಟ್ಟಿ, ಲಕ್ಷ್ಮೀಪತಿಯವರ ತಟ್ಟೆಗೆ ತನ್ನ ಕೈಯಿಂದಲೇ ಇಟ್ಟಳು.

ಅವರು ಮುರಿದು, ಅದ್ದಿ, ನುಂಗಿದರು. ಇನ್ನೊಂದು ತುತ್ತು ನುಂಗಿದರು. ಆಮೇಲೆ ತಲೆ ಎತ್ತಿದರು.

"ಚಿಕ್ಕಣ್ಣನ ತಾಯಿ ಮಾಡ್ತಿದ್ರಲ್ಲಮ್ಮ, ಥೇಟ್ ಅದೇ ಮುದ್ದೆ. ಅವರ ಹತ್ರ ಕಲ್ತಿದ್ದಾ ನೀವು?"

"ನಮ್ಮತ್ತೆ ನಾನ್ ಮದ್ವೆಯಾಗಿ ಬರೋಕ್ ಮುಂಚೇನೇ ತೀರ್ಕೊಂಡಿದ್ರು ಸಾರ್. ನೀವು ತಿಂದಿದ್ದೆಲ್ಲ ನಾನ್ ಮಾಡಿದ್ದೇಯ."

ಲಕ್ಷ್ಮೀಪತಿ ಅವಳ ಮುಖ ನೋಡಿದರು, ಕೈ ನೋಡಿದರು, ಮತ್ತೆ ಮುಖ ನೋಡಿದರು. ಚಿಕ್ಕಣ್ಣ ಯಾಕೆ ಹಾಗೆ ಹೇಳುತ್ತಿದ್ದ ಎಂದು ಅವರು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಅವರ ಕಣ್ಣು ಏಪ್ರನ್ನಿನ ಕೆಳಗೆ ಕಾಣುತ್ತಿದ್ದ ಕಾಫಿ ಬಣ್ಣದ ಸೀರೆಗೆ ಬಿತ್ತು. ಆ ಸೀರೆ ಟ್ರಂಕಿನಿಂದ ಅಂದೇ ಹೊರಬಂದಿತ್ತು, ಬೋರಮ್ಮನ ವಯಸ್ಸಿಗೆ ಈಗ ಸರಿಯಾಗಿ ಒಪ್ಪುತ್ತಿತ್ತು.

"ಅಂಗಡೀಲಿ ವಯಸ್ಸಾದೋರಿಗೆ ಅಂತ ಕೇಳಿ ತಂದಿದ್ದೆ ಕಣಮ್ಮ," ಎಂದರು.

"ಅದ್ಕೇ ಸಾರ್, ವಯಸ್ಸಾಗ್ಲಿ ಅಂತ ಕಾಯ್ಕೊಂಡಿದ್ದೆ," ಎಂದಳು ಬೋರಮ್ಮ. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಸೌಟು ಕೈಗೆ ತೆಗೆದುಕೊಂಡು, ಮಾಗಡಿ ರಸ್ತೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಅವರ ಮುಖ ನೋಡುತ್ತಾ ನಿಂತಳು.

"ಉಪ್ಪು ಸರಿ ಐತಾ ಸಾರ್?"

ಲಕ್ಷ್ಮೀಪತಿ ಸುಮ್ಮನೆ ಹೂಂ ಎಂದುಬಿಡಲಿಲ್ಲ. ಬೆರಳನ್ನು ಸಾರಿಗೆ ಅದ್ದಿ ನಾಲಿಗೆಗಿಟ್ಟುಕೊಂಡು, ಕಣ್ಣು ಕಿರಿದು ಮಾಡಿ ಯೋಚಿಸಿದರು.

"ಒಂಚೂರು ಕಮ್ಮಿ ಕಣಮ್ಮ," ಎಂದರು.

ಬೋರಮ್ಮ ಸಂತೋಷದಿಂದ ಉಪ್ಪಿನ ಡಬ್ಬಕ್ಕೆ ಕೈ ಹಾಕಿದಳು.